ಗಾಳಿ ಅಷ್ಟೇ ಇತ್ತು, ಕಂಬ ಎತ್ತರವಾಯಿತು

ಭಾರತದಲ್ಲಿ ಗಾಳಿಯಿಂದ ಎಷ್ಟು ಕರೆಂಟು ತೆಗೆಯಬಹುದು? 2010ರ ಗಾಳಿ ನಕ್ಷೆ ಹೇಳಿದ್ದು ಸುಮಾರು 49 ಸಾವಿರ ಮೆಗಾವ್ಯಾಟ್. ಈಗಿನ ಸರ್ಕಾರಿ ಅಂದಾಜು 11 ಲಕ್ಷ 64 ಸಾವಿರ. ನಡುವೆ ಗಾಳಿಯೇನೂ ಜಾಸ್ತಿ ಬೀಸಲಿಲ್ಲ. ಮೊದಲನೆಯದು ನೆಲದಿಂದ 50 ಮೀಟರ್ ಎತ್ತರದ ಲೆಕ್ಕ, ಎರಡನೆಯದು 150 ಮೀಟರಿನದು. ಎಷ್ಟು ಜಮೀನು ಸಿಕ್ಕೀತು ಎಂಬ ಊಹೆಯೂ ಹಿಗ್ಗಿದೆ. ಬಿಸಿಲಿನಿಂದ ತೆಗೆಯಬಹುದೆಂದು 2014ರಲ್ಲಿ ಅಂದಾಜಿಸಿದ 7 ಲಕ್ಷ 48 ಸಾವಿರ ಮೆಗಾವ್ಯಾಟ್ ಎಂಬ ಅಂಕಿಯಂತೂ ಬೀಳು ಭೂಮಿಯ ನೂರಕ್ಕೆ ಮೂರು ಪಾಲಿಗೆ ಫಲಕ ಹೊದಿಸಿದರೆ ಎಂಬ 'ರೆ'ಯ ಮೇಲೆಯೇ ನಿಂತಿತ್ತು.

ಕಲ್ಲಿದ್ದಲಿಗೆ ಇಂಥ 'ರೆ'ಗಳಿಲ್ಲ. ಅಗೆದರೆ ಸಿಗುತ್ತದೆ, ರೈಲಿಗೆ ತುಂಬಿದರೆ ಹೋಗುತ್ತದೆ. ಬಂಗಾಳದ ರಾಣಿಗಂಜ್‌ನಲ್ಲಿ 1774ರಲ್ಲೇ ಗಣಿಗಾರಿಕೆ ಶುರುವಾಗಿತ್ತು. 1970ರ ದಶಕದ ಆರಂಭದಲ್ಲಿ ಗಣಿಗಳ ರಾಷ್ಟ್ರೀಕರಣವಾಯಿತು. 1973ರ ತೈಲ ಬಿಕ್ಕಟ್ಟಿನ ಬಳಿಕ ದೇಶ ಇನ್ನಷ್ಟು ಬಲವಾಗಿ ಕಲ್ಲಿದ್ದಲಿಗೆ ಆತುಕೊಂಡಿತು. ಕಲ್ಲಿದ್ದಲು ಅಗೆಯುವ ಸರ್ಕಾರಿ ಕಂಪನಿ ಕೋಲ್ ಇಂಡಿಯಾ ಮತ್ತು ಅದನ್ನು ಉರಿಸಿ ಕರೆಂಟು ತೆಗೆಯುವ ಎನ್‌ಟಿಪಿಸಿ ಎರಡೂ 1975ರಲ್ಲಿ ಹುಟ್ಟಿದವು. ಒಂದು ಕಲ್ಲಿದ್ದಲ ಗಣಿಯೂ ಇಲ್ಲದ ಕರ್ನಾಟಕ 1902ರ ಶಿವನಸಮುದ್ರದಿಂದ ಹಿಡಿದು ನೀರನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು. ಹಾಗಾಗಿಯೇ 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಶಾಖೋತ್ಪನ್ನ ಘಟಕ ಹೊತ್ತಿಕೊಂಡಿತು, ಹೊರರಾಜ್ಯಗಳಿಂದ ರೈಲಿನಲ್ಲಿ ಬಂದ ಕಲ್ಲಿದ್ದಲಿನಿಂದ. ಆ ರೈಲನ್ನು ಮರೆಯುವ ಹಾಗಿಲ್ಲ. ಸರಕು ಸಾಗಣೆಯಲ್ಲಿ ರೈಲ್ವೆಯ ಅತಿ ದೊಡ್ಡ ಗಿರಾಕಿ ಕಲ್ಲಿದ್ದಲು. ನಮ್ಮ ನಿಮ್ಮ ಟಿಕೆಟ್ ಅಗ್ಗವಾಗಿರುವುದರಲ್ಲಿ ಅದರ ಪಾಲೂ ಇದೆ.

ಅದೇ ತೈಲ ಬಿಕ್ಕಟ್ಟಿನ ಪಾಠದಿಂದ 1982ರಲ್ಲಿ ಅಸಾಂಪ್ರದಾಯಿಕ ಇಂಧನಕ್ಕೆಂದೇ ಕೇಂದ್ರದಲ್ಲೊಂದು ಇಲಾಖೆ ಬಂತು. 1986ರಲ್ಲಿ ಗುಜರಾತ್, ಮಹಾರಾಷ್ಟ್ರ, ತಮಿಳುನಾಡಿನ ಕರಾವಳಿಯಲ್ಲಿ ಪ್ರಾಯೋಗಿಕ ಗಾಳಿಯಂತ್ರಗಳು ತಿರುಗಿದವು. 1990ರ ದಶಕದಲ್ಲಿ ಯಂತ್ರ ನಿಲ್ಲಿಸಿದ ಕಂಪನಿಗೆ ಮೊದಲ ವರ್ಷವೇ ಅದರ ಪೂರ್ತಿ ಬೆಲೆಯನ್ನು ಸವಕಳಿ ಎಂದು ತೋರಿಸಿ ತೆರಿಗೆ ಉಳಿಸಿಕೊಳ್ಳುವ ಅವಕಾಶವಿತ್ತು. ರೆಕ್ಕೆ ತಿರುಗದಿದ್ದರೂ ಲಾಭ ಅಂತೂ ಖಾತ್ರಿ!

ಬಿಸಿಲಿನ ಸರದಿ ಬಂದದ್ದು 2010ರ ರಾಷ್ಟ್ರೀಯ ಸೌರ ಮಿಷನ್‌ನಿಂದ. ಗುರಿ 2022ಕ್ಕೆ 20 ಸಾವಿರ ಮೆಗಾವ್ಯಾಟ್. 2015ರಲ್ಲಿ ಅದನ್ನೇ 1 ಲಕ್ಷಕ್ಕೆ ಏರಿಸಿದರು. ಆರಂಭದ ಹರಾಜುಗಳಲ್ಲಿ ಯುನಿಟ್‌ಗೆ 12 ರೂಪಾಯಿ ಆಸುಪಾಸಿನಲ್ಲಿದ್ದ ದರ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44 ರೂಪಾಯಿಗೆ ಕುಸಿಯಿತು. ಹೊಸ ಕಲ್ಲಿದ್ದಲು ಘಟಕ ಈ ದರಕ್ಕೆ ಕರೆಂಟು ಕೊಡಲಾರದು.

ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕ್ ಗುರಿಯ ಈ ಏರಿಕೆಯ ಕೂಸು. ತಿರುಮಣಿ ಸುತ್ತಲಿನ ಐದು ಊರುಗಳ ಸುಮಾರು 13 ಸಾವಿರ ಎಕರೆ, ಮೇಲಿಂದ ಮೇಲೆ ಬರ ಕಂಡ ನೆಲ. ಸರ್ಕಾರ ಜಮೀನನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆಯಿತು. ಶೇಂಗಾ ಬಿತ್ತಿ ಮೋಡ ನೋಡುತ್ತಾ ಕೂರುತ್ತಿದ್ದ ರೈತನಿಗೆ ಖಚಿತ ಆದಾಯ ಬಂತು. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ, ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಕಾಗದದಲ್ಲಿ 'ಬೀಳು' ಎಂದಿದ್ದ ನೆಲ ಅಲ್ಲಿನವರಿಗೆ ಬೀಳಾಗಿರಲಿಲ್ಲ. ಆ ನೂರಕ್ಕೆ ಮೂರರ ಲೆಕ್ಕ ಓದುವಾಗ ನನಗೆ ಪಾವಗಡವೇ ನೆನಪಾಗುತ್ತದೆ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದು ಸಂತಸದ ಸುದ್ದಿ ಕೊಟ್ಟಿತು: ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ, ಅಂದರೆ ಎಲ್ಲ ಘಟಕಗಳೂ ಪೂರ್ತಿ ಓಡಿದರೆ ಬರಬಹುದಾದ ಕರೆಂಟಿನಲ್ಲಿ, ಅರ್ಧದಷ್ಟು ಈಗ ಕಲ್ಲಿದ್ದಲು, ಅನಿಲಗಳದ್ದಲ್ಲ. ನಿಜ. ಆದರೆ 2024-25ರಲ್ಲೇ ಕಲ್ಲಿದ್ದಲ ಉತ್ಪಾದನೆ ಮೊದಲ ಬಾರಿಗೆ 100 ಕೋಟಿ ಟನ್ ದಾಟಿತು, ಮನೆಗೆ ಬರುವ ನಾಲ್ಕು ಯುನಿಟ್‌ನಲ್ಲಿ ಹೆಚ್ಚುಕಡಿಮೆ ಮೂರು ಅದರದ್ದೇ. ಸೌರ ಫಲಕದ ಮೇಲೆ ಬರೆದ ಸಾಮರ್ಥ್ಯದಲ್ಲಿ ವರ್ಷದ ಸರಾಸರಿಯಾಗಿ ಕೈಗೆ ಬರುವುದು ಐದರಲ್ಲೊಂದು, ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲು. ಮಧ್ಯಾಹ್ನ ಉಕ್ಕಿ ಹರಿಯುವ ಕರೆಂಟು, ದೀಪ ಹಚ್ಚುವ ಹೊತ್ತಿಗೆ ಮಾಯ. ರಾಜಸ್ಥಾನದಲ್ಲಿ ಸಾಗಿಸುವ ಲೈನು ಸಾಲದೆ ಹಗಲಿನ ಕರೆಂಟನ್ನು ಕಡಿತ ಮಾಡಿದ್ದೂ ಉಂಟು. ಇನ್ನೊಂದು ತೊಡಕು ಭೂಗೋಳದ್ದು: ಗಣಿಗಳಿರುವುದು ಜಾರ್ಖಂಡ್, ಒಡಿಶಾ, ಛತ್ತೀಸ್‌ಗಢದಲ್ಲಿ, ಒಳ್ಳೆಯ ಗಾಳಿ ಬಿಸಿಲು ಪಶ್ಚಿಮ ಮತ್ತು ದಕ್ಷಿಣದಲ್ಲಿ. ಧನಬಾದಿನ ಗಣಿ ಕೆಲಸ ಹೋದರೆ ಅದರ ಬದಲಿ ಕೆಲಸ ಹುಟ್ಟುವುದು ಕಛ್‌ನಲ್ಲಿ.

ಕೆಲವು ಉಪಾಯಗಳು ಸರಳ. ರಾತ್ರಿ ತ್ರೀ ಫೇಸ್ ಬಂತೆಂದು ಟಾರ್ಚ್ ಹಿಡಿದು, ಹಾವು ಚೇಳಿನ ಭಯದಲ್ಲಿ ಪಂಪ್‌ಸೆಟ್ ಚಾಲೂ ಮಾಡಲು ಹೋಗುವ ರೈತನಿಗೆ ಹಗಲಲ್ಲೇ ಸೌರ ಕರೆಂಟು ಕೊಟ್ಟರೆ ಅವನಿಗೂ ಲಾಭ, ಕರೆಂಟು ಕೊಡುವವರಿಗೂ ಲಾಭ. ಸಂಜೆಯ ಪಾಲನ್ನು ಎತ್ತಿಡುವುದೇ ಕಷ್ಟ. ಬ್ಯಾಟರಿಯ ಬೆಲೆ ಇಳಿಯುತ್ತಿದೆಯಾದರೂ ರಾಜ್ಯ ಶರಾವತಿ ಕಣಿವೆಯ ಮೇಲೂ ಕಣ್ಣಿಟ್ಟಿದೆ: ಹಗಲು ಹೆಚ್ಚಾದ ಕರೆಂಟಿನಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2000 ಮೆಗಾವ್ಯಾಟ್ ತೆಗೆಯುವ ಯೋಜನೆ. ಎರಡೂ ಜಲಾಶಯ ಈಗಾಗಲೇ ಇವೆ. ಸುರಂಗ ಹಾಯಬೇಕಿರುವುದು ಮಾತ್ರ ಸಿಂಗಳೀಕಗಳ ಕಾಡಿನಡಿ, ಮತ್ತು ಹಿಂದೆ ಲಿಂಗನಮಕ್ಕಿಗಾಗಿ ಊರು ಕಳೆದುಕೊಂಡ ಸೀಮೆಯ ಜನ ಇದಕ್ಕೂ ಬೀದಿಗಿಳಿದಿದ್ದಾರೆ.