ಬಾಲಮಂದಿರದ ಬಾಗಿಲು ತಟ್ಟುವವರು ಯಾರು?

ಬಿಹಾರದ ಮುಜಫ್ಫರ್‌ಪುರದ ಬಾಲಿಕಾ ಗೃಹದಲ್ಲಿ ಹುಡುಗಿಯರ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ 2020ರ ಜನವರಿಯಲ್ಲಿ ದೆಹಲಿಯ ಕೋರ್ಟು 19 ಜನರನ್ನು ತಪ್ಪಿತಸ್ಥರು ಎಂದಿತು. ಅವರಲ್ಲಿ ಜಿಲ್ಲೆಯ ಮಕ್ಕಳ ರಕ್ಷಣಾ ಅಧಿಕಾರಿ ಇದ್ದರು, ಮಕ್ಕಳ ಕಲ್ಯಾಣ ಸಮಿತಿಯವರೂ ಇದ್ದರು. ಒಳಗೆ ಏನಾಗುತ್ತಿದೆ ಎಂದು ನೋಡಬೇಕಾದವರೇ ಇವರು. ಹಾಗಾದರೆ ಕಾನೂನು ಇರಲಿಲ್ವಾ? ಇತ್ತು, ಅದೂ ಎಷ್ಟೋ ವರ್ಷಗಳಿಂದ.

ಅನಾಥಾಲಯಗಳ ಮೇಲೆ ನಿಗಾ ಇಡಲು ಕೇಂದ್ರ ಕಾಯ್ದೆ ಬಂದದ್ದು 1960ರಲ್ಲಿ. ನಡೆಸುವವರು ಪ್ರಮಾಣಪತ್ರ ಪಡೆಯಬೇಕು, ಮೇಲೊಂದು ನಿಯಂತ್ರಣ ಮಂಡಳಿ ಇರಬೇಕು ಎಂದಿತು. ತಮಾಷೆ ನೋಡಿ, ಆ ಮಂಡಳಿಯಲ್ಲಿ ಅನಾಥಾಲಯ ನಡೆಸುವವರ ಪ್ರತಿನಿಧಿಗಳಿಗೂ ಕುರ್ಚಿ! ಆಮೇಲೆ 1986 ಮತ್ತು 2000ದಲ್ಲಿ ಮಕ್ಕಳ ರಕ್ಷಣೆಯನ್ನೂ ನೋಡಿಕೊಳ್ಳುವ ಬಾಲ ನ್ಯಾಯ ಕಾಯ್ದೆಗಳು ಬಂದವು. ಖಾಸಗಿ ಆಶ್ರಮಗಳೂ ಅದರಡಿ ನೋಂದಣಿ ಮಾಡಿಸಲೇಬೇಕು ಎಂದು 2006ರ ತಿದ್ದುಪಡಿ ಹೇಳಿತು. ‘ನಮ್ದು ಬೇರೆ ಕಾಯ್ದೆಯಲ್ಲಿ ರಿಜಿಸ್ಟರ್ ಆಗಿದೆ’ ಎಂದು ಜಾರಿಕೊಳ್ಳುವ ದಾರಿಯನ್ನು 2015ರ ಬಾಲ ನ್ಯಾಯ ಕಾಯ್ದೆ ಮುಚ್ಚಿತು.

ತಪಾಸಣೆ ಹೇಗಿರಬೇಕು ಎಂಬುದನ್ನೂ ಈ ಕಾಯ್ದೆ ಬಿಡಿಸಿ ಹೇಳುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಹೋಗಬೇಕು. ತಂಡದಲ್ಲಿ ಕನಿಷ್ಠ ಮೂವರು, ಅವರಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ ಇರಲೇಬೇಕು. ವಾರದೊಳಗೆ ವರದಿ ಕೊಡಬೇಕು. ಕಾಗದದಲ್ಲಿ ಎಲ್ಲಾ ಸರಿ. ಆದರೆ ಬಂದವರು ಹಾಜರಿ ಪುಸ್ತಕ ತಿರುವಿ, ಅಡುಗೆಮನೆಗೆ ಇಣುಕಿ, ಫಿನಾಯಿಲ್ ವಾಸನೆಗೇ ‘ಸ್ವಚ್ಛತೆ ತೃಪ್ತಿಕರ’ ಎಂದು ಬರೆದು ಹೋಗಬಹುದಲ್ವಾ? ವಾರ್ಡನ್ ಪಕ್ಕದಲ್ಲೇ ನಿಂತಿದ್ದರೆ ಹತ್ತು ವರ್ಷದ ಹುಡುಗಿ ಬಾಯಿ ಬಿಡುತ್ತಾಳಾ?

ಮುಜಫ್ಫರ್‌ಪುರದ ವಿಷಯ ಹೊರಬಂದದ್ದು ಇಂಥ ತಪಾಸಣೆಯಿಂದ ಅಲ್ಲ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಕೋಶಿಶ್’ ತಂಡಕ್ಕೆ ಬಿಹಾರ ಸರ್ಕಾರವೇ ಆಶ್ರಮಗಳ ಸ್ಥಿತಿಗತಿಯ ಆಡಿಟ್ ಕೆಲಸ ವಹಿಸಿತ್ತು. ತಂಡ 110 ಸಂಸ್ಥೆಗಳನ್ನು ಸುತ್ತಿತು. ಅಲ್ಲಿದ್ದವರ ಜತೆ ಮಾತಾಡಿತು. ವರದಿ ಕೈಸೇರಿದ ಮೇಲೆ, 2018ರ ಮೇ 31ರಂದು ಎಫ್‌ಐಆರ್ ಆಯಿತು. 30ಕ್ಕೂ ಹೆಚ್ಚು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ವೈದ್ಯಕೀಯ ಪರೀಕ್ಷೆಯಲ್ಲಿ ಗೊತ್ತಾಯಿತು. ವರದಿಯಲ್ಲಿ ಬೇರೆ ಆಶ್ರಮಗಳ ಮೇಲೂ ದೂರುಗಳಿದ್ದವು. ಅವುಗಳ ವಿಷಯದಲ್ಲಿ ಪೊಲೀಸರು ಮೆದುವಾಗಿ ನಡೆದುಕೊಂಡರು ಎಂದು ಸುಪ್ರೀಂ ಕೋರ್ಟು ಸಿಟ್ಟಾಯಿತು. ನವೆಂಬರ್‌ನಲ್ಲಿ ಒಟ್ಟು 17 ಆಶ್ರಮಗಳ ತನಿಖೆ ಸಿಬಿಐ ಕೈಗೆ ಹೋಯಿತು.

2021ರಲ್ಲಿ ಕಾಯ್ದೆಗೆ ಮತ್ತೆ ತಿದ್ದುಪಡಿಯಾಗಿ, 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಈಗ ತಪಾಸಣಾ ವರದಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಮ್ಮಲ್ಲಿ ಡಿಸಿಗೆ ಹೋಗುತ್ತದೆ. ಹೊಣೆ ಒಬ್ಬರ ತಲೆಗೆ ಬಂದದ್ದು ಒಳ್ಳೆಯದೇ. ಆದರೆ ಡಿಸಿಗೆ ಚುನಾವಣೆ, ನೆರೆ, ಬರ, ಜಮೀನಿನ ತಕರಾರು ಎಲ್ಲವೂ ಇವೆ. ಕೋಶಿಶ್ ಮಾಡಿದಂಥ ಹೊರಗಿನವರ ಪರಿಶೀಲನೆಗೂ 2015ರ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅದು ಕಡ್ಡಾಯವಲ್ಲ. ಮಾಡಿಸುವುದೂ ಬಿಡುವುದೂ ಸರ್ಕಾರದ ಇಷ್ಟ.