ಮುಳ್ಳು ಹೇಳುವ ತಾಳೆಯ ಗುರುತು

ಒಂದೇ ಬುಡದಿಂದ ಹಲವು ಕಾಂಡಗಳೆದ್ದು ಮೆಳೆಗಟ್ಟುವ ಮುಳ್ಳುತಾಳೆಗಳು ದೂರದಿಂದ ನೋಡುವವರಿಗೆ ಒಂದೇ ಜಾತಿಯವೆಂದು ತೋರುವುದು ಸಹಜ. ಎತ್ತರ, ಗರಿಯ ಬಣ್ಣ, ಮೆಳೆಯ ದಟ್ಟಣೆಗಳು ನೆಲ, ನೀರು, ಬಿಸಿಲಿಗೆ ತಕ್ಕಂತೆ ಬದಲಾಗುವುದರಿಂದ ಅವನ್ನು ನಂಬಿ ಹೆಸರು ಹೇಳುವುದು ಕಷ್ಟ. ಮುಳ್ಳು ಗಿಡದ ಯಾವ ಅಂಗದಿಂದ ಹುಟ್ಟಿದೆ ಎಂದು ನೋಡುವುದೇ ಮೇಲು.

ಆಫ್ರಿಕಾ ಮತ್ತು ಮಡಗಾಸ್ಕರ್ ಮೂಲದ ಫೀನಿಕ್ಸ್ ರೆಕ್ಲಿನೇಟಾ ನಮ್ಮ ಈಚಲು, ಖರ್ಜೂರಗಳ ಕುಲಕ್ಕೇ ಸೇರಿದ್ದು. ಇದರ ಗರಿಯನ್ನು ತುದಿಯಿಂದ ಬುಡದವರೆಗೆ ಗಮನಿಸುತ್ತ ಬಂದರೆ ಕಿರುಎಲೆಗಳು ಬರಬರುತ್ತ ಮೊಟಕಾಗಿ, ಗಡುಸಾಗಿ, ತೊಟ್ಟಿನ ಬಳಿ ಮುಳ್ಳುಗಳೇ ಆಗಿಬಿಟ್ಟಿರುತ್ತವೆ. ಕಿರುಎಲೆಯ ಅಂಚುಗಳು ಮೇಲ್ಮುಖವಾಗಿ ಮಡಿಚಿಕೊಂಡು, ಎಲೆ ಗರಿದಂಟಿಗೆ ಕೂಡುವಲ್ಲಿ ಸಣ್ಣ ದೋಣಿಯ ಆಕಾರ ಬಂದಿರುತ್ತದೆ. ಗರಿಯಂತೆ ಸೀಳಿದ ಎಲೆಯಿರುವ ಬಹುತೇಕ ತಾಳೆಗಳಲ್ಲಿ ಈ ಮಡಿಕೆ ಬೋರಲಾಗಿರುತ್ತದೆ. ಈ ಎರಡೂ ಲಕ್ಷಣಗಳು ಕೂಡಿ ಕಂಡರೆ ಕುಲದ ಬಗ್ಗೆ ಅನುಮಾನ ಬೇಡ. ಜಾತಿಯ ಮಾತು ಬೇರೆ. ಗಂಡು ಹೆಣ್ಣು ಗಿಡಗಳು ಪ್ರತ್ಯೇಕವಾಗಿರುವ ಈ ಕುಲದಲ್ಲಿ ಅಕ್ಕಪಕ್ಕದ ಜಾತಿಗಳು ಸುಲಭವಾಗಿ ಬೆರೆಯುವುದರಿಂದ, ಉದ್ಯಾನದಲ್ಲಿ ಆಯ್ದ ಬೀಜದಿಂದ ತಾಯಿಯನ್ನೇ ಹೋಲುವ ಸಸಿ ಬರುತ್ತದೆಂಬ ಖಾತರಿಯಿಲ್ಲ.

ಫ್ಲಾರಿಡಾ, ಕೆರಿಬಿಯನ್ ಮತ್ತು ಮಧ್ಯ ಅಮೆರಿಕದ ಜೌಗುನೆಲದ ಅಕೋಲೋರ್ಯಾಫಿ ರೈಟಿಯೈ ಬೀಸಣಿಗೆಯಾಕಾರದ ಎಲೆಯದು. ಅದರ ಮುಳ್ಳುಗಳು ಎಲೆತೊಟ್ಟಿನ ಎರಡೂ ಅಂಚಿನಲ್ಲಿರುವ ಹಲ್ಲುಗಳು. ಹಿಸ್ಪಾನಿಯೋಲ ದ್ವೀಪದ ಝೋಂಬಿಯಾ ತಾಳೆಯಲ್ಲಿ ಕಾಂಡವನ್ನು ಸುತ್ತಿದ ಹಾಳೆಯ ನಾರುಗಳೇ ಮೊನಚಾಗಿ ಹೊರಚಾಚಿರುತ್ತವೆ. ಆಗ್ನೇಯ ಏಷ್ಯಾದ ಕರಾವಳಿಯ ಓಂಕೋಸ್ಪರ್ಮ ಟಿಜಿಲ್ಲೇರಿಯಂನ ಕಾಂಡದ ಮೇಲೆಯೇ ಕಪ್ಪು ಮುಳ್ಳುಗಳೇಳುತ್ತವೆ. ಅಮೆರಿಕದ ಉಷ್ಣವಲಯದ ಬ್ಯಾಕ್ಟ್ರಿಸ್ ಗ್ಯಾಸಿಪೀಸ್ ಕೂಡ ಕಾಂಡದ ಮೇಲೆ ಮುಳ್ಳಿರುವಂಥದ್ದೇ, ಆದರೆ ಬೆಳೆಗಾರರು ಆಯ್ದುಕೊಂಡ ಮುಳ್ಳಿಲ್ಲದ ತಳಿಗಳೂ ಇವೆ. ಎಳೆಯ ಸುಳಿಯನ್ನು ತಿನ್ನಲು ಇದನ್ನು ಬೆಳೆಸುತ್ತಾರೆ. ತಾಳೆಯ ಕಾಂಡಕ್ಕೆ ಸುಳಿ ಒಂದೇ, ಅದನ್ನು ಕಡಿದರೆ ಆ ಕಾಂಡ ಸಾಯುತ್ತದೆ; ಮೆಳೆಯಲ್ಲಾದರೆ ಪಕ್ಕದ ಮರಿಗಳು ಬೆಳೆದು ಆ ಜಾಗ ತುಂಬುತ್ತವೆ.

ಬೆಳೆಸುವವರು ಹಣ್ಣಿನ ತಿರುಳನ್ನು ಪೂರ್ತಿ ತೆಗೆದ ಹೊಸ ಬೀಜವನ್ನೇ ಬಿತ್ತಬೇಕು. ಫೀನಿಕ್ಸ್ ಬೀಜ ಮೊಳೆಯುವಾಗ ಭ್ರೂಣವು ಬೀಜದಿಂದ ದೂರ, ಮಣ್ಣಿನ ಆಳಕ್ಕೆ ಇಳಿದ ಮೇಲೆ ಬೇರು ಬಿಡುವುದರಿಂದ ಅಗಲವಾದ ಕುಂಡಕ್ಕಿಂತ ಆಳವಾದದ್ದು ಒಳ್ಳೆಯದು. ಅಕೋಲೋರ್ಯಾಫಿಗೆ ತೇವ ಬೇಕು. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಮ್ಯಾಂಗನೀಸ್ ದಕ್ಕದೆ ಅದರ ಹೊಸ ಎಲೆಗಳು ಮುರುಟಿ, ಸುಟ್ಟಂತಾಗಿ ಹೊರಬರುತ್ತವೆ. ಹಳೆಯ ಎಲೆಗಳು ಹಸಿರಾಗಿಯೇ ಇದ್ದರೂ ಇದನ್ನು ನೀರಿನ ಕೊರತೆಯೆಂದುಕೊಂಡು ಇನ್ನಷ್ಟು ನೀರು ಹಾಕುವವರೇ ಹೆಚ್ಚು, ಅದರಿಂದ ಪ್ರಯೋಜನವಿಲ್ಲ.

ಮೆಳೆ ಹರಡದಂತೆ ಮಾಡಲು ಬೇಡದ ಮರಿಗಳನ್ನು ಎಳೆಯವಾಗಿರುವಾಗಲೇ ಕತ್ತರಿಸಬೇಕು, ಬಲಿತ ಮೇಲೆ ಒಳಗೆ ಕೈ ಹಾಕುವುದೇ ದುಸ್ತರ. ಕಾಲುದಾರಿಯ ಅಂಚು ಈ ಗಿಡಗಳಿಗೆ ತಕ್ಕ ಜಾಗವಲ್ಲ. ಫೀನಿಕ್ಸ್ ಮುಳ್ಳಿನ ತುದಿ ಬೆರಳಿನ ಗೆಣ್ಣು ಅಥವಾ ಮೊಣಕಾಲಿನೊಳಗೆ ಮುರಿದು ಉಳಿದರೆ, ಮೇಲಿನ ಗಾಯ ಮಾಯ್ದ ಎಷ್ಟೋ ದಿನಗಳ ಬಳಿಕವೂ ಕೀಲು ಊದಿಕೊಳ್ಳಬಹುದು. ಆಗ ವೈದ್ಯರಿಗೆ ಮುಳ್ಳು ಚುಚ್ಚಿದ ಸಂಗತಿಯನ್ನು ಮರೆಯದೆ ತಿಳಿಸಬೇಕು.