ಟೊಂಗೆ ಕಡಿಯುವ ಮುಂಚೆ ಅದರ ಕೊರಳು ಹುಡುಕಿ

ಕೈಗೆ ಗಾಯವಾದರೆ ಚರ್ಮ ಮತ್ತೆ ಕೂಡಿಕೊಳ್ಳುತ್ತದೆ, ಅಲ್ವಾ? ಮರಕ್ಕೆ ಹಾಗಿಲ್ಲ. ಗಾಯವಾದ ಕಟ್ಟಿಗೆ ವಾಸಿಯಾಗುವುದೇ ಇಲ್ಲ. ಮರ ಆ ಜಾಗದ ಸುತ್ತ ಒಳಗೊಳಗೇ ಗೋಡೆ ಕಟ್ಟಿಕೊಂಡು, ಹೊರಗಿನಿಂದ ಹೊಸ ತೊಗಟೆ ಬೆಳೆಸಿ ಮುಚ್ಚಿಬಿಡುತ್ತದೆ, ಅಷ್ಟೇ. ಅಮೆರಿಕದ ಅಲೆಕ್ಸ್ ಶಿಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ಇದನ್ನು ವಿವರಿಸಿದರು. ಇದೊಂದು ಅರ್ಥವಾದರೆ ಮುಂದಿನದೆಲ್ಲ ಸುಲಭ.

ಟೊಂಗೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿರುತ್ತದೆ, ತೊಗಟೆ ಸುಕ್ಕುಗಟ್ಟಿರುತ್ತದೆ. ನಾನು ಇದನ್ನು ಕೊರಳು ಅಂತ ಬರೆದುಕೊಂಡಿದ್ದೇನೆ. ಗಾಯ ಮುಚ್ಚುವ ಹೊಸ ತೊಗಟೆ ಹುಟ್ಟುವುದು ಇಲ್ಲಿಂದಲೇ. ಹಾಗಾಗಿ ಕೊರಳು ಉಳಿಸಿ, ಅದರ ಹೊರಅಂಚಿಗೆ ಸರಿಯಾಗಿ ಕೊಯ್ಯಬೇಕು. ನೀಟಾಗಿ ಕಾಣಲಿ ಅಂತ ಕಾಂಡಕ್ಕೆ ಸಮನಾಗಿ ಕೊಯ್ದರೆ ಗಾಯ ದೊಡ್ಡದಾಗಿ ಕಾಂಡಕ್ಕೇ ಕೊಳೆ ಇಳಿಯುತ್ತದೆ. ಒಂದಡಿ ಮೋಟು ಬಿಟ್ಟರೂ ತಪ್ಪೇ, ಅದು ಒಣಗಿ ಕೊಳೆಯುತ್ತದೆ. ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ಕಡಿದು ತರುವ ಕಾಡಿನಲ್ಲಿ, ಕತ್ತಿ ಬೀಸಿ ರೂಢಿಯಾದ ನಮ್ಮ ಶಿರಸಿ ಕಡೆಯವರಿಗೆ ಇಲ್ಲಿ ಕೈ ತಡೆಯುವುದು ಕಷ್ಟ. ಕತ್ತಿ ಬೇಡ, ಗರಗಸ ಹಿಡಿಯಿರಿ.

ಹೋದ ವರ್ಷ ನಮ್ಮ ಮನೆಯ ಹಂಚಿನ ಮೇಲೆ ಬಾಗಿದ್ದ, ತೊಡೆ ದಪ್ಪದ ಮಾವಿನ ಟೊಂಗೆಯನ್ನು ಮೇಲಿನಿಂದ ಒಂದೇ ಸಲ ಕೊಯ್ಯಲು ಹೋದೆ. ಅರ್ಧ ಆಗುವಷ್ಟರಲ್ಲಿ ಅದು ತನ್ನ ಭಾರಕ್ಕೇ ಮುರಿದು, ಎರಡಡಿ ತೊಗಟೆಯನ್ನೂ ಸುಲಿದುಕೊಂಡು ಬಿತ್ತು. ಹಂಚೂ ಹೋಯಿತು. ಆಮೇಲೆ ಕಲಿತದ್ದು ಮೂರು ಕೊಯ್ತದ ಕ್ರಮ. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಟೊಂಗೆಯ ಕೆಳಗಡೆಯಿಂದ ಕಾಲು ಭಾಗದಷ್ಟು ಕೊಯ್ಯಿರಿ. ಅದಕ್ಕಿಂತ ಎರಡು ಇಂಚು ಆಚೆ, ತುದಿಯ ಕಡೆಗೆ, ಮೇಲಿನಿಂದ ಕೊಯ್ದರೆ ಟೊಂಗೆ ಬೀಳುತ್ತದೆ, ತೊಗಟೆ ಹರಿದರೂ ಕೆಳಗಿನ ಕೊಯ್ತದ ತನಕ ಬಂದು ನಿಲ್ಲುತ್ತದೆ. ಉಳಿದ ಮೋಟನ್ನು ಕೊನೆಗೆ ಕೊರಳಿನ ಪಕ್ಕ ತೆಗೆಯುವುದು.

ಯಾವಾಗ ಅನ್ನುವುದು ನಮ್ಮಲ್ಲಿ ಸ್ವಲ್ಪ ಪೇಚು. ಮಾವು ಚಳಿಗಾಲದಲ್ಲಿ ಹೂ ಬಿಡುವುದು ಬಲಿತ ಚಿಗುರಿನ ತುದಿಯಲ್ಲಿ, ಆದ್ದರಿಂದ ನವೆಂಬರ್‌ನಲ್ಲಿ ಸವರಿದರೆ ಹೂವನ್ನೇ ಕಡಿದಂತೆ. ಜೂನ್, ಜುಲೈ ಜಡಿಮಳೆಯಲ್ಲಿ ಹಸಿ ಗಾಯಕ್ಕೆ ಬೂಷ್ಟು ಹತ್ತುತ್ತದೆ, ಮರವೂ ಜಾರುತ್ತದೆ. ಕಾಯಿ ಇಳಿಸಿದ ಕೂಡಲೇ, ಮಳೆ ಹಿಡಿಯುವ ಮೊದಲು ಮುಗಿಸುವುದೇ ಒಳ್ಳೆಯದು. ಒಣಗಿದ ಟೊಂಗೆಗೆ ಮಾತ್ರ ಕಾಲ ನೋಡಬೇಕಿಲ್ಲ. ಒಂದು ವರ್ಷಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ.

ಗಾಯಕ್ಕೆ ಪೇಂಟು, ಡಾಂಬರು ಬಳಿದರೆ ಕೊಳೆ ನಿಲ್ಲುವುದಿಲ್ಲ. ತೋಟಗಾರಿಕೆಯವರು ಹೇಳುವುದು ಬೋರ್ಡೋ ಪೇಸ್ಟ್. ಅಡಿಕೆ ಕೊಳೆಗೆ ಹೊಡೆಯುವ ತೆಳು ದ್ರಾವಣ ಅಲ್ಲ, ಗಟ್ಟಿ: ಒಂದು ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕದಡಿ ಆಮೇಲೆ ಕೂಡಿಸಿ. ಕಬ್ಬಿಣದ ಪಾತ್ರೆ ಬೇಡ.

ಹಲಸು ಕಾಯಿ ಬಿಡುವುದು ಕಾಂಡದಲ್ಲಿ, ದಪ್ಪ ಟೊಂಗೆಯಲ್ಲಿ. ಅಲ್ಲಿನ ಸಣ್ಣ ಕಡ್ಡಿಗಳನ್ನು ಸುಮ್ನೆ ಕಿತ್ತು ಚೊಕ್ಕ ಮಾಡಬೇಡಿ. ತೆಂಗಿನ ಹಸಿ ಗರಿಯನ್ನೂ ಮುಟ್ಟಬೇಡಿ, ಹಿಂಗಾರ ಬರುವುದು ಗರಿಯ ಬುಡದಿಂದಲೇ. ನುಗ್ಗೆಯನ್ನು ಎಷ್ಟು ಕಡಿದರೂ ಚಿಗುರುತ್ತದೆ, ಆದರೆ ಹತ್ತಬೇಡಿ, ಪಟಕ್ಕನೆ ಮುರಿಯುತ್ತದೆ.

ಅಂದಹಾಗೆ, ಮಾವಿನ ಸೊನೆ ಮೈಗೆ ತಾಗಿದರೆ ಸುಡುತ್ತದೆ, ತುಂಬು ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಇರಲಿ. ಚಗಳಿಯ (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಗೂಡು ಇದೆಯಾ ಅಂತ ಕೆಳಗಿಂದಲೇ ನೋಡಿ. ಏಣಿ ಮೇಲೆ ನಿಂತು ಗರಗಸ ಎಳೆಯಬೇಕಾದ ಎತ್ತರವಾದರೆ ಹಗ್ಗ ಕಟ್ಟಿ ಇಳಿಸಲು ಬಲ್ಲವರನ್ನು ಕರೆಯಿರಿ. ಟೊಂಗೆ ಕರೆಂಟು ತಂತಿಗೆ ತಾಗಿದ್ದರಂತೂ ಏಣಿಯನ್ನೇ ಹೊರತರಬೇಡಿ, ನಮ್ಮ ಕಡೆಯ ಕರೆಂಟು ಕಂಪನಿ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ, ಅವರು ಬಂದು ಲೈನ್ ಆಫ್ ಮಾಡುವ ತನಕ ಮರದ ಕೆಳಗೆ ಮಕ್ಕಳನ್ನೂ ಬಿಡಬೇಡಿ.